ಗುಬ್ಬಿಯನ್ನು ಕರೆದೊಯ್ಯುವ ದಿನ

"ಬೇಡ ಚಿಕ್ಕಮ್ಮಾ, ಅಮ್ಮನೇ ಬಾಚಲಿ" ಎನ್ನುತ್ತಾ ಗುಬ್ಬಿ ತಲೆ ಕೊಡವಿಕೊಂಡು ಮಂಚದಿಂದ ಜಿಗಿದಳು. ಬಾಚಣಿಗೆ ಹೆತ್ತವಳ ಕೈಯಲ್ಲೇ ಉಳಿಯಿತು. ಲಾಡ್ಜಿನ ಆ ಇಕ್ಕಟ್ಟು ಕೋಣೆಯಲ್ಲಿ ಗಂಡ ಮಗನ ಬೂಟಿನ ಲೇಸು ಕಟ್ಟುವ ನೆಪದಲ್ಲಿ ತಲೆ ತಗ್ಗಿಸಿದ. ಗುಬ್ಬಿ ಓಡಿಹೋಗಿ ಬಿದ್ದದ್ದು ದೊಡ್ಡಮ್ಮನ ಮಡಿಲಿಗೆ. ಅವಳಿಗೆ 'ಅಮ್ಮ' ಎಂದರೆ ದೊಡ್ಡಮ್ಮನೇ. ಹೆತ್ತವಳು ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಚಿಕ್ಕಮ್ಮ...

ಮೂರು ವರ್ಷದ ಹಿಂದೆ, ಗಂಡುಮಗು ಹುಟ್ಟಿದ ಮೇಲೆ ಅವಳು ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದ್ದಳು. ಆಗ ಎರಡು ವರ್ಷದ ಗುಬ್ಬಿಯನ್ನು ಎತ್ತಿಕೊಂಡು ಹೋದವಳು ಈ ದೊಡ್ಡಮ್ಮ, ಅವಳ ಓರಗಿತ್ತಿ. ಗಂಡನಿಲ್ಲ, ಮಕ್ಕಳಿಲ್ಲ, ಶಾಲೆಯ ಸಮವಸ್ತ್ರ ಹೊಲಿದು ಬದುಕುವ ಹೆಂಗಸು. ಈಗ ಹೆತ್ತವಳು ಗುಣವಾಗಿದ್ದಾಳೆ, ಮಗಳು ಬೇಕು. ಎರಡು ದಿನ ಎಲ್ಲರೂ ಕೂಡಿ ಈ ಹಳೆಯ ಪಟ್ಟಣ ನೋಡುವುದು, ಕೋಟೆಯಲ್ಲಿ ಮಗು ಮೈಮರೆತಿದ್ದಾಗ ಓರಗಿತ್ತಿ ಸದ್ದಿಲ್ಲದೆ ಬಸ್ ಹತ್ತುವುದು: ಈ ಉಪಾಯ ಹೆತ್ತವಳದೇ.

ಕೋಟೆಯಲ್ಲಿ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಲ್ಲರೂ ಮರಿ ಎಂದು ಕರೆಯುವ ಮಗ ಎತ್ತಿಕೋ ಎಂದು ಹಟ ಹಿಡಿದ. ಗುಬ್ಬಿ ಫಿರಂಗಿ ಕಂಡಲ್ಲೆಲ್ಲ ಹತ್ತಿದಳು. ಗಂಡ ಯಾವ ರಾಜ, ಯಾವ ಯುದ್ಧ ಎಂದು ಫಲಕಗಳನ್ನು ಓದುತ್ತಲೇ ಇದ್ದ, ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣೆಲ್ಲ ಓರಗಿತ್ತಿಯ ಮೇಲೆ. ಹೊರಡುತ್ತಾಳೋ, ಕೊನೇ ಗಳಿಗೆಯಲ್ಲಿ ಕೈಕೊಡುತ್ತಾಳೋ...

ಮೆಟ್ಟಿಲುಬಾವಿಯ ಬಳಿ ಗುಬ್ಬಿ ಪಾರಿವಾಳಗಳ ಹಿಂದೆ ಬಿದ್ದಳು. ಓರಗಿತ್ತಿ ಮಗುವಿನ ಬಟ್ಟೆಯ ಚೀಲವನ್ನು ಹೆತ್ತವಳ ಮುಂದೆ ಚಾಚಿದಳು.

"ಹೊರಡ್ತೀನಿ. ಮಲಗಿದಾಗ ದೀಪ ಪೂರ್ತಿ ಆರಿಸ್ಬೇಡ, ಹೆದರ್ತಾಳೆ. ಬೆಂಡೆಕಾಯಿ ಮುಟ್ಟಲ್ಲ, ಬಲವಂತ ಮಾಡ್ಬೇಡ."

"ನನ್ನ ಮಗಳ ವಿಷಯ ನಾನು ಕಲಿತ್ಕೋತೀನಿ ಅಕ್ಕಾ."

"ಕಲೀತೀಯ ಬಿಡು" ಎಂದವಳು ತಿರುಗಿ ನೋಡದೆ, ಕಣ್ಣು ಕಾಣದವಳ ಹಾಗೆ ಗೋಡೆ ಹಿಡಿದುಕೊಂಡು ಇಳಿದು ಹೋದಳು.

ಸ್ವಲ್ಪ ಹೊತ್ತಿಗೇ ಗುಬ್ಬಿ ಸುತ್ತ ನೋಡಿದಳು. "ಅಮ್ಮ ಎಲ್ಲಿ?"

"ನೀರು ತರೋಕೆ ಹೋಗಿದಾಳೆ, ಈಗ ಬರ್ತಾಳೆ" ಎಂದ ಅಪ್ಪ.

ಮಗು ಅಳಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕೋಟೆ ಬಾಗಿಲ ಕಡೆ ಮುಖ ಮಾಡಿತು. "ಬರೋವರೆಗೂ ಇಲ್ಲೇ ಇರ್ತೀನಿ."

ಹೆತ್ತವಳಿಗೆ ಹಳೆಯದು ನೆನಪಾಯಿತು. ತಾನು ಆಸ್ಪತ್ರೆ ಸೇರಿದ ದಿನವೂ ಮಗುವಿಗೆ ಇದೇ ಸುಳ್ಳು ಹೇಳಿದ್ದರು... ಅಮ್ಮ ಈಗ ಬರ್ತಾಳೆ. ಓರಗಿತ್ತಿಯ ಮನೆ ಹೊಸಿಲ ಮೇಲೆ ಹೀಗೆಯೇ ಕುಳಿತು, ಅನ್ನ ಬಿಟ್ಟು ಕಾದಿತ್ತಂತೆ. ಮತ್ತೆ ಅದೇ ಮಾಡುತ್ತಿದ್ದೇನೆಯೇ? ಮಗನನ್ನು ಗಂಡನ ತೋಳಿಗೆ ತಳ್ಳಿ ಅವಳು ಓಡಿದಳು.

ಟಿಕೆಟ್ ಕೌಂಟರಿನ ಹಿಂದೆ, ಸೆರಗನ್ನು ಬಾಯಿಗೊತ್ತಿಕೊಂಡು ಓರಗಿತ್ತಿ ನಿಂತಿದ್ದಳು.

"ಅಕ್ಕಾ, ಹೋಗ್ಬೇಡಿ."

"ಯಾಕೆ ಬಂದೆ? ಮತ್ತೊಂದ್ಸಲ ಹಿಂಗೆ ಬಿಟ್ಟು ಬರೋಕೆ ನನ್ನ ಕೈಲಾಗಲ್ಲ."

"ಬಿಟ್ಟು ಬರೋದು ಬೇಡ. ನಿಮ್ ಜೊತೇಲೇ ಕರ್ಕೊಂಡು ಹೋಗಿ."

"ತಲೆ ಕೆಟ್ಟಿದೆಯಾ? ಇಷ್ಟು ವರ್ಷ ಕಾದಿದೀಯ..."

"ಇನ್ನೂ ಸ್ವಲ್ಪ ಕಾಯ್ತೀನಿ. ಹಿಂಗೆ ಕದ್ದು ಕರ್ಕೊಂಡು ಹೋದ್ರೆ ಅವಳು ನನ್ನ ಮನೇಲಿರ್ತಾಳೆ ಅಷ್ಟೆ, ನನ್ನವಳಾಗಲ್ಲ. ನೀವೇ ನನ್ನ ಮಗಳನ್ನ ಒಲಿಸ್ಕೊಂಡು ಬಿಟ್ರಿ ಅಂತ ಎಷ್ಟು ಶಪಿಸಿದೀನೋ ಅಕ್ಕಾ..."

ಓರಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಅಂದ್ಕೊಂಡಿದ್ದು ಪೂರ್ತಿ ಸುಳ್ಳಲ್ಲ. ಮೊದಲ್ನೇ ಸಲ ನನ್ನ ಅಮ್ಮಾ ಅಂದಾಗ್ಲೇ, ನಾನಲ್ಲ ಕಂದಾ ಅನ್ಬೇಕಿತ್ತು. ಬಾಯೇ ಬರ್ಲಿಲ್ಲ ಕಣೇ..."

ಇಬ್ಬರೂ ಕೈ ಹಿಡಿದುಕೊಂಡು ಅತ್ತರು. ಆಮೇಲೆ ಮೆಟ್ಟಿಲ ಮೇಲೆ ಗುಬ್ಬಿಯ ಆಚೆಗೊಬ್ಬಳು ಈಚೆಗೊಬ್ಬಳು ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಯಾರು ಹೆತ್ತದ್ದು, ಯಾರು ಸಾಕಿದ್ದು, ಯಾಕೆ. ಮಗು ದೊಡ್ಡಮ್ಮನ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿಸಿಕೊಂಡಿತು. ಎಲ್ಲ ಮುಗಿದ ಮೇಲೆ ಅದು ಕೇಳಿದ್ದು ಒಂದೇ ಪ್ರಶ್ನೆ.

"ಹಂಗಾದ್ರೆ ಮರಿ ನನ್ನ ಸ್ವಂತ ತಮ್ಮನಾ?"

"ಹ್ಞೂಂ ಪುಟ್ಟಾ, ಸ್ವಂತ ತಮ್ಮ" ಎಂದಳು ದೊಡ್ಡಮ್ಮ.

ಸಂಜೆಯ ಬಸ್ಸಿಗೆ ಗುಬ್ಬಿಯನ್ನು ಹತ್ತಿಸಿದವಳು ಹೆತ್ತವಳೇ. ಪ್ರತಿ ಭಾನುವಾರ ಹೆತ್ತವಳೇ ಹೋಗಿ ಬರುವುದು, ಮಗಳು ಬಾಯಿಬಿಟ್ಟು ಕೇಳುವವರೆಗೆ ಬಾ ಎಂದು ಎಳೆಯಬಾರದು ಎಂದು ಹೆಂಗಸರಿಬ್ಬರೇ ಮಾತಾಡಿಕೊಂಡಿದ್ದರು. ಗಂಡ ಏನೋ ಹೇಳಲು ಹೋಗಿ, ಹೆಂಡತಿಯ ಮುಖ ನೋಡಿ ಬಟ್ಟೆಯ ಚೀಲವನ್ನು ಬಸ್ಸಿಗೆ ಏರಿಸಿದ್ದ. ಬಸ್ಸು ಗುರುಗುಡುತ್ತಿದ್ದಂತೆ ಕಿಟಕಿಯಿಂದ ಪುಟ್ಟ ತಲೆಯೊಂದು ಇಣುಕಿತು.

"ಚಿಕ್ಕಮ್ಮಾ, ಭಾನುವಾರ ಬರ್ತಾ ಮರೀನ ಬಿಟ್ಟು ಬರ್ಬೇಡಿ."

"ಇಲ್ಲ ಕಂದಾ, ಕರ್ಕೊಂಡೇ ಬರ್ತೀನಿ."

ಬಸ್ಸು ತಿರುವಿನಲ್ಲಿ ಮರೆಯಾಯಿತು. ಗಂಡ ಅತ್ತಲೇ ನೋಡುತ್ತಿದ್ದ. "ಎಲ್ಲ ಹೇಳಿದ್ಮೇಲೂ ಚಿಕ್ಕಮ್ಮ ಅಂದ್ಳಲ್ಲೇ..."

ಅವಳು ಕಣ್ಣೊರೆಸಿಕೊಂಡು ಮಗನನ್ನು ಸೊಂಟಕ್ಕೇರಿಸಿಕೊಂಡಳು.

"ಅನ್ಲಿ ಬಿಡಿ. ಬರೋಕೆ ಹೇಳಿದ್ಳಲ್ಲ."