ಹೊಟ್ಟೆಹೂವಿನ ಪಂಚನಾಮೆ

ಏಪ್ರಿಲ್ ಹನ್ನೊಂದು, ಬೆಳಿಗ್ಗೆ ಏಳೂವರೆ. ಅಮೆರಿಕದ ಮೊಹಾವಿ ಮರುಭೂಮಿಯ ಅಂಚಿನ ಶೆರಿಫ್ ಠಾಣೆಗೆ ವರ್ನಾ ಟ್ರಿಪ್ಲೆಟ್ ಎಂಬ ಮುದುಕಿ ಬಂದು, ತನ್ನ ಹೂಗಳನ್ನು ಯಾರೋ ಕೊಂದಿದ್ದಾರೆ ಎಂದು ದೂರು ಕೊಟ್ಟಳು. ಕೊಂದಿದ್ದಾರೆ ಎಂದೇ ಬರೆಯಬೇಕೆಂದು ಹಟ ಹಿಡಿದಳು. ಡೆಪ್ಯುಟಿ ಪಿಕೆಟ್ ನಗು ನುಂಗಲು ಕಾಫಿ ಲೋಟದಲ್ಲಿ ಮೂಗು ತೂರಿಸಿದ. ಸಾರ್ಜೆಂಟ್ ರೆನಾಟಾ ಉರಿಬೆ ನಗಲಿಲ್ಲ. ದೂರು ದಾಖಲಿಸಿ ಜೀಪು ಹತ್ತಿದಳು.

ಜಾಗ ಒಣಹಳ್ಳದ ದಂಡೆ. ಅಲ್ಲಿ ಬೆಳೆಯುವ ಈ ಹೂಗಳನ್ನು ಹೊಟ್ಟೆಹೂ ಎನ್ನುತ್ತಾರೆ; ಹೊಟ್ಟೆ ನೆಲಕ್ಕಂಟಿಸಿ ಮಲಗಿದರಷ್ಟೇ ಕಾಣುವಷ್ಟು ಸಣ್ಣವು. ವರ್ನಾ ಭೂತಗನ್ನಡಿಯಲ್ಲಿ ಎರಡು ಬಗೆ ತೋರಿಸಿದಳು. ಎರಡಕ್ಕೂ ಉಣ್ಣೆಯಂಥ ಬೂದು ಎಲೆ, ಹಳದಿ ತಲೆ. ಸುತ್ತ ಎಸಳಿದ್ದರೆ ಎಲ್ಲೆಂದರಲ್ಲಿ ಸಿಗುವಂಥದ್ದು. ಎಸಳಿಲ್ಲದೆ ಬೋಳಾಗಿದ್ದರೆ ಅಪರೂಪದ್ದು, ಕೀಳುವುದು ಅಪರಾಧ. ಬೋಳು ಹೂವಿನ ಗಿಡಗಳನ್ನೆಲ್ಲ ಬೇರುಸಮೇತ ಕಿತ್ತು ಕಲ್ಲಿನ ಮೇಲೆ ಹೊಸಕಿದ್ದರು. ಎಸಳಿನದ್ದು ಒಂದೂ ಅಲುಗಿರಲಿಲ್ಲ.

"ಇವು ಒಂದು ವರ್ಷದ ಜೀವ ಕಣಮ್ಮ. ಬೀಜ ಉದುರಿಸಿ ಸಾಯ್ತಾವೆ. ಅದಕ್ಕೂ ಬಿಡ್ಲಿಲ್ಲ," ಎಂದಳು ವರ್ನಾ.

ಬೈಕ್ ಹಾರಿಸುವ ಪುಂಡರದ್ದೇ ಕೆಲಸ ಎಂದು ಪಿಕೆಟ್ ಪಟ್ಟು ಹಿಡಿದು ಒಬ್ಬನನ್ನು ಎಳೆದು ತಂದ. ಉರಿಬೆ ಅವನ ಮುಂದೆ ಎರಡೂ ಬಗೆಯ ಹೂವಿನ ಚಿತ್ರವಿಟ್ಟು, ಅಪರೂಪದ್ದು ಯಾವುದೆಂದು ಕೇಳಿದಳು.

"ಎರಡೂ ಕಸಾನೇ ಅಲ್ವಾ ಅಕ್ಕ?"

ಅವನನ್ನು ಬಿಟ್ಟು ಕಳಿಸಿದಳು. ಕಸ ಎನ್ನುವವನು ಆರಿಸಿ ಕೀಳಲಾರ.

ಪಂಚನಾಮೆಯಲ್ಲಿ ಬರೆದದ್ದು ಇಷ್ಟು: ಟೈರಿನ ಗುರುತಿಲ್ಲ; ಬಂದವನು ಕಲ್ಲಿಂದ ಕಲ್ಲಿಗೆ ಕಾಲಿಟ್ಟಿದ್ದಾನೆ; ಕಿತ್ತ ಜಾಗದ ಪಕ್ಕ ಹೊಟ್ಟೆ ಊರಿದ ಅಚ್ಚು, ಎಡ ಮೊಣಕೈಯ ಗುಳಿ. ಬಲಗೈಯದ್ದಿಲ್ಲ.

ಈ ಜಾಗ ಗೊತ್ತಿದ್ದ ಇನ್ನೊಬ್ಬ ಲೈಲ್ ಕಾರ್ಮೋಡಿ. ಹೂಗಳ ಚಿತ್ರ ತೆಗೆದು ಹೆಸರು ಮಾಡಿದವನು. ವರ್ನಾಗೆ ಬೋಳು ಹೂವಿನ ಗುರುತು ಕಲಿಸಿದವನೂ ಅವನೇ. ಕರೆದ ತಕ್ಷಣ ಹಳ್ಳದ ದಂಡೆಗೆ ಬಂದ, ಮುದುಕಿಯ ಹೆಗಲು ತಡವಿ ಲೊಚಗುಟ್ಟಿದ. ಒಂದಾದರೂ ಉಳಿದಿದೆಯೇ ನೋಡಿ ಎಂದಳು ಉರಿಬೆ. ಅವನು ಕಲ್ಲಿಂದ ಕಲ್ಲಿಗೆ ಹೆಜ್ಜೆಯಿಟ್ಟು, ಬಲಗೈಯಲ್ಲಿ ಕ್ಯಾಮೆರಾ ಎತ್ತಿ ಹಿಡಿದು, ಎಡ ಮೊಣಕೈ ಊರಿ ಬೋರಲು ಮಲಗಿದ. ಹಳೆಯ ಅಚ್ಚಿನ ಪಕ್ಕದಲ್ಲೇ ಹೊಸದೊಂದು ಬಿತ್ತು. ಎರಡೂ ಒಂದೇ. ಪಿಕೆಟ್ ಚೂಯಿಂಗ್ ಗಮ್ ಅಗಿಯುವುದನ್ನು ನಿಲ್ಲಿಸಿದ.

"ಏಳ್ಬೇಡಿ. ಹಾಗೇ ಇರಿ," ಎಂದಳು ಉರಿಬೆ.

ಅವನ ಕೈಯಿಂದ ತೆಗೆದುಕೊಂಡ ಕ್ಯಾಮೆರಾದಲ್ಲಿ ಮೊನ್ನೆಯ ಚಿತ್ರಗಳಿದ್ದವು. ಮೊದಲು ಹೂವು, ಆಮೇಲೆ ಅದೇ ಜಾಗದ ಬರಿ ಮಣ್ಣು. ಬೇರೆ ಕಣಿವೆಗಳದ್ದೂ ಇದ್ದವು, ಹೀಗೇ ಜೋಡಿಜೋಡಿಯಾಗಿ. ಉರಿಬೆ ಅವನ್ನು ಲೈಲ್‌ನ ಮುಖದ ಮುಂದೆ ಹಿಡಿದಳು.

"ನಾನು ಚಿತ್ರ ತೆಗೆದ್ಮೇಲೆ ಇನ್ಯಾವನೋ ಬಂದು ಅದನ್ನೇ ಫೋನಲ್ಲಿ ಹಿಡೀಬೇಕಾ?" ಎಂದ ಲೈಲ್.

ವರ್ನಾ ಬೈಯಲಿಲ್ಲ. ಬೀಜ ಕಟ್ಟಿದ್ದು ಒಂದಾದರೂ ಇತ್ತೇ ಎಂದು ಕೇಳಿದಳು.

"ಇರ್ಲಿಲ್ಲ. ನೋಡ್ಕೊಂಡೇ ಕಿತ್ತೆ."

ಮಧ್ಯಾಹ್ನ ಎರಡಕ್ಕೆ ಬಂಧನ. ಕಾರಣವೇನೆಂದು ಕೇಳಿದಾಗ ಹೂವಿನ ಮೇಲಿನ ಪ್ರೀತಿ ಎಂದು ಹೇಳಿಕೆ ಕೊಟ್ಟ. ಕಾನೂನಿನಂತೆ ಅವನ ಮಾತನ್ನೇ ಬರೆಯಬೇಕಿತ್ತು. ಉರಿಬೆ ಬರೆದಳು, ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದಳು.