ಇಂದ್ರಾ ಕತ್ತರಿಸಿದ ಕೆಂಪಂಚು

"ಇಂದ್ರಾ, ಮಗ್ಗದಾಗಿನ ಕೆಂಪು ಎಳಿ ಎಲ್ಲಿ ಹೋದ್ವು?"

ಅವ್ವ ಮೆಲ್ಲಗೆ ಕೇಳಿದಳು. ಇಂದ್ರಾಳಿಗೆ ಹೆದರಿಕೆಯಾದದ್ದು ಅದಕ್ಕೇ. ಅವ್ವ ಬೈದರೆ ಹೇಗೋ ತಡೆದುಕೊಳ್ಳಬಹುದು. ಮೆಲ್ಲಗೆ ಕೇಳಿದಳೆಂದರೆ ದೊಡ್ಡದೇನೋ ಕೆಟ್ಟಿದೆ ಅಂತಲೇ ಅರ್ಥ.

"ನಾನ ತಗೊಂಡೇನಿ. ಹಾಸು ಮುಗದಿತ್ತಲ್ಲ, ಸುಮ್ನ ಜೋತು ಬಿದ್ದಿದ್ವು. ಕತ್ತರಿಸಿ ರಟ್ಟಿಗೆ ಅಂಟಿಸೇನಿ."

ಅಂಟಿಸಿದ್ದು ಮಾತ್ರ ಭಾರಿ ಚಂದವಾಗಿತ್ತು. ಹಳದಿ ದಾರದ ಸಣ್ಣ ಗುಂಡು ಈಗಿನ ಸೂರ್ಯ. ಕೆಂಪು ರೇಷ್ಮೆಯ ದೊಡ್ಡ ಗುಂಡು ಮುಪ್ಪಾಗಿ ಉಬ್ಬಿದ ನಕ್ಷತ್ರ. ಪಕ್ಕದ ಬಿಳಿ ಚುಕ್ಕೆ, ಅದು ಸತ್ತ ಮೇಲೆ ಉಳಿಯುವ ತಿರುಳು. ನಾಳೆ ಎಂಟರ ಬಸ್ಸಿಗೆ ಹುನಗುಂದಕ್ಕೆ ಹೋಗಬೇಕು, ಸೈನ್ಸ್ ಎಕ್ಸಿಬಿಷನ್‌ಗೆ. ೧೯೭೯ರಲ್ಲಿ ಅವರ ಸಾಲೆಯಿಂದ ಹೊರಟವಳು ಇವಳೊಬ್ಬಳೇ. ಅದೂ ಬರೀ ಆರನೆಯ ಇಯತ್ತೆಯವಳು.

ಇಂದ್ರಾಳಿಗೆ ಎಲ್ಲಾ ಬಾಯಿಪಾಠವಾಗಿತ್ತು. ಒಂದು ಮಾತು ಮಾತ್ರ ತಲೆಗೆ ಹೋಗಿರಲಿಲ್ಲ. ನಕ್ಷತ್ರ ಸಾಯುವಾಗ ತನ್ನ ಹೊಟ್ಟೆಯೊಳಗಿನ ಬಹುಪಾಲನ್ನು ಹೊರಗೆ ಚೆಲ್ಲುತ್ತದೆ, ಅದರಿಂದಲೇ ಹೊಸ ನಕ್ಷತ್ರಗಳು ಆಗುತ್ತವೆ, ನಮ್ಮ ರಕ್ತದ ಕಬ್ಬಿಣವೂ ಅಲ್ಲಿಯದೇ ಎಂದು ಸಂಗಯ್ಯ ಮಾಸ್ತರರು ಹೇಳಿದ್ದರು.

"ಮುಗದದ್ದು ಮುಗೀತಲ್ರಿ ಸರ್, ಮತ್ತ ಹೆಂಗ ಶುರು ಆಗ್ತೈತಿ?" ಎಂದು ಇಂದ್ರಾ ಕೇಳಿದ್ದಳು.

"ಸದ್ಯ ಬಾಯಿಪಾಠ ಮಾಡು. ತಿಳೀತೈತಿ ಆಮ್ಯಾಲ," ಎಂದಿದ್ದರು ಮಾಸ್ತರರು. ಮಾಸ್ತರರಿಗೆ ಅವಸರವಿದ್ದಾಗ ಎಲ್ಲವೂ ಆಮೇಲೆಯೇ ತಿಳಿಯಬೇಕು.

ಅವ್ವ ಮಗ್ಗದ ಹಿಂದೆ ಕೂತು, ಹೊಸ ಹಾಸಿನ, ಅಂದರೆ ಸೀರೆಯ ಉದ್ದಕ್ಕೆ ಹಾಯುವ, ಕೆಂಪು ಎಳೆಗಳನ್ನು ಬೆರಳಲ್ಲಿ ಹಿಡಿದು ತೋರಿಸಿದಳು.

"ಈಗ ಇದನ್ನ ಎದಕ್ಕ ಕಟ್ಟಲಿ? ಹಳೀದರ ತುದಿಗೆ ಹೊಸಾದನ್ನ ಕಟ್ಟಿ ಎಳಿತೀವಿ. ಹಳೀದು ಮುಂದ ಹೋಗಕೋತ ಹೊಸಾದನ್ನ ಒಳಗ ಕರಕೊಂಡ ಬರ್ತೈತಿ. ನೀ ಎಡಗಡೆ ಅಂಚಿಂದು ತುದೀನ ಕಿತ್ತೀದಿ. ಈಗ ಒಂದೊಂದ ಎಳಿ ಮಗ್ಗದ ದಾರದ ಕಣ್ಣಾಗ ಪೋಣಿಸಿ, ಬಾಚಣಿಕಿಯಂಥ ಹಣಗಿ ಹಲ್ಲಿನ ಸಂದ್ಯಾಗ ತೂರಸಬೇಕು. ಅಚ್ಚು ತುಂಬೂದಂದ್ರ ಇದ. ಇನ್ನೂರಾ ನಲವತ್ತು ಎಳಿ ಅದಾವ."

ದಿನಾ ಮಗ್ಗದ ಪಕ್ಕದಲ್ಲೇ ಊಟ ಮಾಡುವವಳು ಇಂದ್ರಾ. ಆದರೆ ಈ ಕಟ್ಟುವ ಕೆಲಸವೆಲ್ಲ ಅವಳು ಸಾಲೆಯಲ್ಲಿದ್ದಾಗಲೇ ಮುಗಿದಿರುತ್ತಿತ್ತು.

"ನಾ ತುಂಬತೇನಿ," ಎಂದಳು.

"ಒಬ್ಬಾಕಿಗೆ ಆಗೂ ಕೆಲಸ ಅಲ್ಲ ಇದು. ನೀ ಹಿಂದ ಕುಂತು ಎಳಿ ಕೊಡು, ನಾ ಮುಂದ ಎಳಕೋತೇನಿ. ಇದು ತುಂಬೂತನಕ ಹುನಗುಂದದ ಮಾತ ತಗೀಬ್ಯಾಡ."

ಮಧ್ಯಾಹ್ನ ಎರಡಕ್ಕೆ ಕೂತರು. ಮೊದಲ ಐವತ್ತು ಎಳೆ ಸಲೀಸಾಗಿ ಹೋದವು. ನೂರಾ ಹತ್ತಕ್ಕೆ ಬಂದಾಗ ಅವ್ವ ಕೈ ನಿಲ್ಲಿಸಿದಳು. ಎಂಬತ್ತರ ಹತ್ತಿರ ಒಂದು ಕಣ್ಣು ಖಾಲಿ ಉಳಿದಿತ್ತು. ಮೂವತ್ತು ಎಳೆ ಬಿಚ್ಚಬೇಕಾಯಿತು. ಇಂದ್ರಾಳ ಕಣ್ಣಲ್ಲಿ ನೀರು ತುಂಬಿತು.

"ಅಳಬ್ಯಾಡ. ಅತ್ರ ಎಳಿ ಕಾಣೂದಿಲ್ಲ," ಎಂದಳು ಅವ್ವ. ದನಿಯಲ್ಲಿ ಸಿಟ್ಟು ಇಳಿದಿತ್ತು. "ಈ ಅಚ್ಚು ನಿಮ್ಮ ಆಯಿ ತುಂಬಿದ್ದು. ನೀ ಹಿಂದ ಕುಂತೀಯಲ್ಲ, ಅಲ್ಲೇ ನಾ ಕುಂತು ಎಳಿ ಕೊಟ್ಟಿದ್ದೆ. ಆಮ್ಯಾಲ ನಾ ಬರೇ ಕಟ್ಟಕೋತ ಬಂದೇನಿ."

ಬೋರವ್ವ ಆಯಿ, ಅಪ್ಪನ ತಾಯಿ, ತೀರಿಕೊಂಡು ಎರಡು ವರ್ಷವಾಗಿತ್ತು.

"ಹಂಗಾರ ನಾ ಕತ್ತರಿಸಿದ್ದು ಆಯಿ ದಾರ ಏನವ್ವ?"

"ಹುಚ್ಚಿ. ಆಯಿ ದಾರ ಯಾವಾಗೋ ಸೀರಿ ಆಗಿ ಹೋತು. ಯಾವೂರಾಗ ಯಾರ ಉಟ್ಟಾರೋ ಏನೋ. ಅದರ ತುದಿಗೆ ಒಂದು, ಅದರ ತುದಿಗೆ ಇನ್ನೊಂದು, ಹಂಗ ಬಂದದ್ದು ಇದು."

ಬಲಗಡೆಯ ಅಂಚಿನಲ್ಲಿ ಹಳೆಯ ಎಳೆಗಳು ಇನ್ನೂ ಜೋತುಬಿದ್ದಿದ್ದವು. ಮಧ್ಯಾಹ್ನದ ತನಕ ಅವು ಇಂದ್ರಾಳಿಗೆ ಕಸವಾಗಿದ್ದವು. ಈಗ ಮೊಣಕೈ ತಾಗೀತೆಂದು ಒಂದಿಷ್ಟು ಸರಿದು ಕೂತಳು.

ಕೊನೆಯ ಎಳೆ ದಾಟಿದಾಗ ದೀಪ ಹಚ್ಚುವ ಹೊತ್ತಾಗಿತ್ತು. "ಉಳದದ್ದು ನಾಳೆ ನಾ ಕಟ್ಟತೇನಿ. ನೀ ಹೋಗಿ ಬಾ," ಎಂದಳು ಅವ್ವ.

ಹುನಗುಂದದಲ್ಲಿ ಇಂದ್ರಾ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು, ಎಲ್ಲೂ ತಡವರಿಸಲಿಲ್ಲ. ನೋಡಲು ಬಂದ ಸಾಹೇಬರು ಕೆಂಪು ಗುಂಡನ್ನು ಮುಟ್ಟಿ ನೋಡಿ ಕೇಳಿದರು, "ಎಲ್ಲಾದಕ್ಕಿಂತ ಮೊದಲು ಹುಟ್ಟಿದ ನಕ್ಷತ್ರ ಇತ್ತಲ್ಲ, ಅದು ಈಗ ಎಲ್ಲೈತಿ ಮತ್ತ?"

ಇದು ಬಾಯಿಪಾಠದಲ್ಲಿ ಇರಲಿಲ್ಲ. ಹಿಂದೆ ನಿಂತಿದ್ದ ಸಂಗಯ್ಯ ಮಾಸ್ತರರು ಕೆಮ್ಮಿದರು.

"ಅದು ಮುಂದ ಹೋಗೇತ್ರಿ," ಎಂದಳು ಇಂದ್ರಾ. "ತೋರಸಾಕ ಬರೂದಿಲ್ಲ. ಆದ್ರ ಹಿಂದಿಂದು ಅದರ ತುದಿ ಹಿಡಕೊಂಡ ಬಂದೈತಿ. ನಂಬಿಕಿ ಇಲ್ಲಂದ್ರ ನಮ್ಮೂರು ಇಳಕಲ್ಲಿಗೆ ಬರ್ರಿ ಸರ್, ನಮ್ಮ ಮಗ್ಗದಾಗ ತೋರಸ್ತೇನಿ."

ಸಾಹೇಬರು ಮಾಸ್ತರರ ಮುಖ ನೋಡಿದರು. ಮಾಸ್ತರರು ಇಂದ್ರಾಳ ಮುಖ ನೋಡಿದರು. ಆಮೇಲೆ ಸಾಹೇಬರು ಹಾಳೆಯಲ್ಲಿ ಏನೋ ಬರೆದುಕೊಂಡರು.

ಎಷ್ಟು ಮಾರ್ಕ್ಸ್ ಅಂತ ಇಂದ್ರಾ ಇಣುಕಲಿಲ್ಲ. ಅವ್ವ ಇಷ್ಟೊತ್ತಿಗೆ ಗಂಟು ಹಾಕಿ ಮುಗಿಸಿ ನೇಯಲು ಕೂತಿರಬೇಕು ಎಂದುಕೊಂಡಳು. ಬಲಗಡೆಯ ಅಂಚು ಆಯಿ ತುಂಬಿದ್ದು. ಎಡಗಡೆಯದು ಇನ್ನು ಮೇಲೆ ಇಂದ್ರಾ ತುಂಬಿದ್ದು.