ಕಂಕುಳಲ್ಲೊಂದು ಗಂಟು

"ತಗೋ, ಈ ಕಂಪಾಸ್ ಬಾಕ್ಸ್ ಇನ್ಮ್ಯಾಲ ನಿಂದೇ," ಎಂದಳು ಕಾಜಲ.

ತಮ್ಮ ಧೀರಜನಿಗೆ ನಂಬಿಕೆಯೇ ಬರಲಿಲ್ಲ. ಬಾಕ್ಸ್ ಮುಟ್ಟಿದರೆ ಸಾಕು, ಕೈ ಮೇಲೆ ಹೊಡೆಯುತ್ತಿದ್ದ ಅಕ್ಕ ಇವಳೇನಾ?

"ಖರೇನೇ? ನಾಳಿ ಮತ್ತ ಕಸ್ಕೋತಿ."

"ಇಲ್ಲೋ. ಸೈಕಲ್ಲೂ ನೀನೇ ಇಟ್ಕೋ. ನನಗ ಇನ್ನ ಅವೆಲ್ಲಾ ಬ್ಯಾಡ."

ಕಾಜಲ ಹಿತ್ತಲಿಗೆ ಹೋಗಿ ಕೂತಳು. ಎಡಗೈ ಎತ್ತಿ, ಕಂಕುಳನ್ನು ಮೆಲ್ಲಗೆ ಒತ್ತಿ ನೋಡಿದಳು. ಇತ್ತು. ಹುಣಸೆ ಬೀಜದಷ್ಟು ದೊಡ್ಡ ಗಂಟು. ನಿನ್ನೆ ಜಳಕ ಮಾಡುವಾಗ ಕೈಗೆ ಸಿಕ್ಕಿದ್ದು, ಇವತ್ತೂ ಹೋಗಿರಲಿಲ್ಲ.

ಎದುರು ಮನೆಯ ಕುಸುಮಬಾಯಿಗೂ ಹೀಗೇ ಒಂದು ಗಂಟಾಗಿತ್ತು. ಅವರನ್ನು ಸೊಲ್ಲಾಪುರದ ದವಾಖಾನೆಗೆ ಕರೆದುಕೊಂಡು ಹೋದರು. ತಿರುಗಿ ಬಂದಾಗ ಅವರ ತಲೆಯಲ್ಲಿ ಕೂದಲೇ ಇರಲಿಲ್ಲ. ಅವರ ಸುದ್ದಿ ಬಂದರೆ ದೊಡ್ಡವರೆಲ್ಲ ದನಿ ತಗ್ಗಿಸುತ್ತಿದ್ದರು. ಹೇಳಿದರೆ ಅವ್ವ ಅಳುತ್ತಾಳೆ. ಅದಕ್ಕೇ ಕಾಜಲ ಯಾರಿಗೂ ಹೇಳಿರಲಿಲ್ಲ.

ಆದರೆ ಧೀರಜನ ಬಾಯಲ್ಲಿ ಮಾತು ನಿಲ್ಲಬೇಕಲ್ಲ! ಅಜ್ಜಿ ಮಾಣಿಕಬಾಯಿಯ ಹತ್ತಿರ ಓಡಿದ.

"ಆಯಿ, ಅಕ್ಕಾ ನನಗ ಸೈಕಲ್ ಕೊಟ್ಟಾಳ. ಆಕಿಗಿ ಏನೋ ಆಗ್ಯಾದ!"

ಆಯಿ ಹಿತ್ತಲಿಗೆ ಬಂದು ಮೊಮ್ಮಗಳ ಪಕ್ಕ ಕೂತಳು. ಹಣೆ ಸವರಿದಳು. ಹಣೆ ಬೆಚ್ಚಗಿತ್ತು. ಅಷ್ಟಕ್ಕೇ ಕಾಜಲಳಿಗೆ ಅಳು ಬಂತು.

"ಆಯಿ, ನನಗೂ ಬಗಲಾಗ ಗಂಟಾಗ್ಯಾದ. ನಾ ಸಾಯ್ತೀನಿ."

ಆಯಿ ಮುಟ್ಟಿದಳು. ಕಾಜಲ "ಹಾ!" ಎಂದು ಚೀರಿದಳು.

"ನೋವಾಯ್ತೇನು? ಎಲ್ಲಿ, ಕೈ ತೋರ್ಸು."

ಕಾಜಲ ಎಡಗೈ ಮುಷ್ಟಿ ಬಿಚ್ಚಿದಳು. ತೋರುಬೆರಳು ಕೆಂಪಗೆ ಊದಿ, ತುದಿಯಲ್ಲಿ ಹಳದಿ ಕೀವು ತುಂಬಿತ್ತು. ನಾಲ್ಕು ದಿನದ ಹಿಂದೆ ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿತ್ತು. ತಾನೇ ಕಿತ್ತು, ಫ್ರಾಕಿಗೆ ಒರೆಸಿ ಸುಮ್ಮನಾಗಿದ್ದಳು.

"ಇದು ಬೆರಳಿಂದೇ ಇರಬೇಕು. ಆದ್ರ ನಾ ಏನ್ ಡಾಕ್ಟರಾ? ನಡಿ, ತೋರಿಸ್ಕೊಂಡು ಬರಮು."

ಉಮರ್ಗಾ ಬಸ್ ಸ್ಟ್ಯಾಂಡಿನ ಹಿಂದೆ ಡಾಕ್ಟರ್ ಪೂನಮ್ ಅವರ ದವಾಖಾನೆ. ಅವರು ಮೊದಲು ಮರಾಠಿಯಲ್ಲಿ ಮಾತಾಡಿಸಿದರು, ಆಯಿಯ ಮಾತು ಕೇಳಿ ಕನ್ನಡಕ್ಕೆ ತಿರುಗಿದರು. ಎರಡೂ ಕಂಕುಳು, ಕುತ್ತಿಗೆ, ಹೊಟ್ಟೆ ಎಲ್ಲ ಒತ್ತಿ ನೋಡಿದರು. ಆಮೇಲೆ ಬೆರಳಿಗೆ ಸೂಜಿ ತಾಗಿಸಿ ಕೀವು ತೆಗೆದರು. ಕಾಜಲ ಕಣ್ಣು ಮುಚ್ಚಿ ಆಯಿಯ ಸೆರಗು ಕಚ್ಚಿದಳು.

"ಮುಳ್ಳಿನ ಕೂಡ ಜರ್ಮ್ಸ್ ಒಳಗ ಹೋಗ್ಯಾವ. ಅವುಗಳ ಕೂಡ ಜಗಳಾಡೋ ಬಿಳಿ ಕಣ ನಿನ್ನ ರಕ್ತದಾಗ ಅವ. ಬಗಲಾಗ ಎಲ್ಲಾರಿಗೂ ಸಣ್ಣ ಸಣ್ಣ ಗಂಟು ಇರ್ತಾವ. ಬಿಳಿ ಕಣ ಅಲ್ಲಿ ಕೂಡ್ತಾವ, ಹೆಚ್ಚಾಗ್ತಾವ. ಅದಕ್ಕೇ ಊದ್ಯಾದ."

"ಮತ್ತ ನಮ್ಮ ಎದುರು ಮನಿ ಕುಸುಮಬಾಯಿಗೆ ಗಂಟಾಗಿ ಕೂದಲೆಲ್ಲಾ ಹೋದ್ವಲ್ರೀ?"

"ಅದು ಬ್ಯಾರೆ ರೋಗವ್ವ. ಎಲ್ಲಾ ಗಂಟೂ ಒಂದೇ ಇರಂಗಿಲ್ಲ. ನೀ ಐದು ದಿನ ಗುಳಿಗಿ ತಗೋ. ಎರಡು ವಾರದಾಗ ಇದು ಇಳೀಲಿಲ್ಲಂದ್ರ ಮತ್ತ ಬಾ."

ಡಾಕ್ಟರ್ ಕೀವು ಅಂಟಿದ ಹತ್ತಿಯನ್ನು ಎತ್ತಿದರು. ಕಾಜಲ ಮುಖ ಸಿಂಡರಿಸಿದಳು.

"ಛೀ! ಈ ಹೊಲಸು ಎಲ್ಲಿಂದ ಬಂತ್ರೀ?"

"ಹೊಲಸಲ್ಲ. ಜಗಳಾಡಿ ಸತ್ತ ಬಿಳಿ ಕಣಾನೇ ಇದರಾಗ ಭಾಳ ಅವ."

ಕಾಜಲ ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ಕೇಳಿದಳು.

"ನಾ ಮಲಗಿದಾಗೂ ಜಗಳಾಡ್ತಿದ್ವೇನ್ರೀ?"

"ಹೂಂ. ನೀ ಅಳೋವಾಗೂ."

ಡಾಕ್ಟರ್ ಹತ್ತಿಯನ್ನು ಕಸದ ಡಬ್ಬಿಗೆ ಹಾಕಲು ಬಗ್ಗಿದರು.

"ಒಂದ್ನಿಮಿಷ ರೀ," ಎಂದಳು ಕಾಜಲ. ಹತ್ತಿರ ಹೋಗಿ ನೋಡಿದಳು. ಈಗ ಹೇಸಿಗೆ ಅನ್ನಿಸಲಿಲ್ಲ. ಬಹಳ ಹೊತ್ತು ನೋಡಿ, "ಹೂಂ, ಈಗ ಒಗೀರಿ," ಎಂದಳು ಮೆಲ್ಲಗೆ.

ಹೊರಗೆ ಬಂದಾಗ ರಸ್ತೆ ದಾಟಲು ಆಯಿ ಕೈ ಚಾಚಿದಳು. ಕಾಜಲ ಬಲಗೈ ಕೊಟ್ಟಳು. ಎಡಗೈಯನ್ನು ಎದೆಗೆ ಒತ್ತಿಕೊಂಡು, ಅಲುಗದಂತೆ ನಡೆದಳು. ಅಲ್ಲಿ ಇನ್ನೂ ಕೆಲಸ ನಡೆದಿತ್ತು.